ಎಂಜಿನ್‌ಗೆ ‘ಘರ್ಷಣೆ ತಗ್ಗಿಸುವ’ ಬಾಟಲಿ ಸುರಿದರೆ ಮೈಲೇಜ್ ನಿಜಕ್ಕೂ ಏರುತ್ತದೆಯೇ?

ಬೂದು ಕಾರು · ಶನಿವಾರ, ಬೆಳಿಗ್ಗೆ 7.40

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್ ಎಂಜಿನ್, ಓಡಿರುವುದು 92,000 ಕಿ.ಮೀ. ವಾರಕ್ಕೆ ಐದು ದಿನ ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತೇನೆ, ದಿನಕ್ಕೆ ಐವತ್ತು ಕಿ.ಮೀ. ಮೂರು ವರ್ಷದ ಹಿಂದೆ ಲೀಟರಿಗೆ 15.5 ಕೊಡುತ್ತಿದ್ದ ಗಾಡಿ ಈಗ 13ಕ್ಕೆ ಇಳಿದು ಕುಳಿತಿದೆ.

ನಿನ್ನೆ ಸರ್ವೀಸಿಗೆ ಬಿಟ್ಟಿದ್ದೆ. ಮೈಲೇಜ್ ಮಾತು ತೆಗೆದದ್ದೇ ತಡ, ಕೌಂಟರಿನಲ್ಲಿದ್ದ ಹುಡುಗ ಬೆಳ್ಳಿ ಬಣ್ಣದ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟ. 250 ಮಿ.ಲೀ., ಬೆಲೆ 1,650 ರೂಪಾಯಿ. ಎಂಜಿನ್ ಆಯಿಲ್ ಜೊತೆ ಸುರಿದರೆ ಲೋಹದ ಮೇಲೆ ‘ನ್ಯಾನೋ ಸೆರಾಮಿಕ್’ ಪದರ ಕಟ್ಟುತ್ತದಂತೆ, ಘರ್ಷಣೆ ಅರ್ಧಕ್ಕರ್ಧ ಇಳಿಯುತ್ತದಂತೆ, ಮೈಲೇಜ್ ಶೇ 20ರಷ್ಟು ಏರುತ್ತದಂತೆ. ಪದರ ಐವತ್ತು ಸಾವಿರ ಕಿ.ಮೀ. ಬಾಳುತ್ತದೆ ಎಂದೂ ಸೇರಿಸಿದ. ಯೋಚಿಸಿ ಹೇಳುತ್ತೇನೆ ಎಂದು ಹೇಳಿ ಬಂದೆ. ಇಲ್ಲಿ ಯಾರಾದರೂ ಸುರಿದು ನೋಡಿದ್ದೀರಾ? ಜಾಹೀರಾತಿನ ಮಾತು ಬೇಡ, ಅನುಭವ ಹೇಳಿ.

ಹೆಬ್ಬಾಳದ ಕ್ಯಾಬ್ · ಶನಿವಾರ, ಬೆಳಿಗ್ಗೆ 8.15

ನಾನು ಎರಡು ವರ್ಷದಿಂದ ಸುರಿಯುತ್ತಿದ್ದೇನೆ. ಡೀಸೆಲ್ ಸೆಡಾನ್, ದಿನಕ್ಕೆ ಮೂರು ಬಾರಿ ವಿಮಾನ ನಿಲ್ದಾಣದ ಓಟ. 19 ಇದ್ದದ್ದು 21 ಆಯಿತು. ಎಂಜಿನ್ ಸದ್ದೂ ತಗ್ಗಿತು, ಹೆಬ್ಬಾಳದ ಮೇಲ್ಸೇತುವೆ ಏರುವಾಗ ಮೊದಲಿನಂತೆ ಕೆಳಗಿನ ಗೇರಿಗೆ ಇಳಿಸಬೇಕಾಗಿಲ್ಲ. ಕಣ್ಣು ಮುಚ್ಚಿಕೊಂಡು ಹಾಕಿಸಿ.

ಐದನೇ ಗೇರ್ · ಶನಿವಾರ, ಬೆಳಿಗ್ಗೆ 8.50

@ಹೆಬ್ಬಾಳದ ಕ್ಯಾಬ್, 21 ಎಂದು ಯಾವುದರಿಂದ ಅಳೆದಿರಿ? ಡ್ಯಾಶ್‌ಬೋರ್ಡಿನ ಪರದೆಯಿಂದಲೋ, ಟ್ಯಾಂಕ್ ತುಂಬಿಸಿಯೋ? ಬಾಟಲಿ ಸುರಿದ ದಿನ ಬೇರೆ ಏನೇನು ಬದಲಾಯಿಸಿದಿರಿ?

ಹೆಬ್ಬಾಳದ ಕ್ಯಾಬ್ · ಶನಿವಾರ, ಬೆಳಿಗ್ಗೆ 9.05

ಪರದೆಯೇ ತೋರಿಸುತ್ತದೆಯಲ್ಲ. ಆ ದಿನ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಾಯಿಸಿದೆವು. ಸರ್ವೀಸ್ ಎಂದರೆ ಅಷ್ಟೇ ತಾನೇ.

ಐದನೇ ಗೇರ್ · ಶನಿವಾರ, ಬೆಳಿಗ್ಗೆ 9.20

ಮದುವೆ ಊಟದಲ್ಲಿ ಇಪ್ಪತ್ತು ಬಗೆ ಬಡಿಸಿದ ಮೇಲೆ ಹೊಟ್ಟೆ ತುಂಬಿದ್ದು ಉಪ್ಪಿನಕಾಯಿಯಿಂದ ಎಂದಂತಾಯಿತು. ಹೊಸ ಎಣ್ಣೆ, ಮೂರು ಹೊಸ ಫಿಲ್ಟರ್, ಅದರ ಜೊತೆ ಬಾಟಲಿ. ಹೆಸರು ಮಾತ್ರ ಬಾಟಲಿಗೆ. ಪರದೆಯೂ ಇಂಧನವನ್ನು ಅಳೆದು ಹೇಳುವುದಿಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬ ಲೆಕ್ಕದಿಂದ ಊಹಿಸುತ್ತದೆ, ಬಹಳ ಗಾಡಿಗಳಲ್ಲಿ ಕೊಂಚ ಉದಾರವಾಗಿಯೇ ಊಹಿಸುತ್ತದೆ.

ಹೆಬ್ಬಾಳದ ಕ್ಯಾಬ್ · ಶನಿವಾರ, ಬೆಳಿಗ್ಗೆ 9.32

ನಿಮ್ಮ ಲೆಕ್ಕ ನಿಮಗಿರಲಿ. ತಿಂಗಳ ಕೊನೆಗೆ ಡೀಸೆಲ್ ಬಿಲ್ ಕಟ್ಟುವವನು ನಾನು.

ಸ್ನಿಗ್ಧತೆ · ಶನಿವಾರ, ಬೆಳಿಗ್ಗೆ 11.10

ನಾನು ಕೆಲಸದಿಂದ ನಿವೃತ್ತನಾಗುವವರೆಗೆ ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೆ. ಬಾಟಲಿಯ ಪರವೂ ಅಲ್ಲ, ವಿರುದ್ಧವೂ ಅಲ್ಲ. ಮೊದಲು ಎಂಜಿನ್ ಒಳಗೆ ಘರ್ಷಣೆ ಎಲ್ಲಿದೆ ಎಂದು ನೋಡೋಣ, ಉತ್ತರ ತಾನಾಗಿ ಬರುತ್ತದೆ.

ಎಂಜಿನ್ ಓಡುವಾಗ ಲೋಹ ಲೋಹವನ್ನು ಉಜ್ಜುತ್ತಲೇ ಇರುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಹೆಚ್ಚಿನ ಕಡೆ ಹಾಗಿರುವುದಿಲ್ಲ. ಕ್ರ್ಯಾಂಕ್ ಶಾಫ್ಟ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ, ತನ್ನ ಬೇರಿಂಗಿನೊಳಗೆ ತಿರುಗುವಾಗ ಎಣ್ಣೆಯನ್ನು ತನ್ನ ಅಡಿಗೆ ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಆ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಎಪ್ಪತ್ತು ಮೈಕ್ರಾನ್ ಆಸುಪಾಸು ಇರುತ್ತದೆ, ಹೋಲಿಸಿ ನೋಡಿ. ಅಷ್ಟು ತೆಳುವಾದರೂ ಲೋಹಗಳನ್ನು ಬೇರೆ ಬೇರೆ ಇಡಲು ಅದು ಸಾಕು. ಅಲ್ಲಿರುವ ತಡೆ ಎಣ್ಣೆಯದೇ ತಡೆ: ಒಂದು ಪದರ ಎಣ್ಣೆ ಇನ್ನೊಂದರ ಮೇಲೆ ಜಾರುವಾಗ ಆಗುವ ಎಳೆತ. ಲೋಹದ ಮೇಲೆ ಸೆರಾಮಿಕ್ ಬಳಿದರೂ ಅಷ್ಟೇ, ಚಿನ್ನ ಬಳಿದರೂ ಅಷ್ಟೇ, ಆ ಎಳೆತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅದನ್ನು ಕಡಿಮೆ ಮಾಡಬೇಕೆಂದರೆ ಎಣ್ಣೆ ತೆಳುವಾಗಬೇಕು.

ಲೋಹ ನಿಜವಾಗಿ ಮುಟ್ಟುವ ಜಾಗಗಳೂ ಇವೆ. ಪಿಸ್ಟನ್ ಮೇಲೆ ಹೋಗಿ ಒಂದು ಕ್ಷಣ ನಿಲ್ಲುತ್ತದೆ, ಕೆಳಗೆ ಬಂದು ಮತ್ತೆ ನಿಲ್ಲುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಹೀಗೆ 4,000 ಬಾರಿ. ನಿಂತಾಗ ಎಣ್ಣೆಯ ಪದರ ಕುಸಿಯುತ್ತದೆ, ಪಿಸ್ಟನ್ನಿನ ಸುತ್ತಲಿನ ರಿಂಗ್ ಮತ್ತು ಸಿಲಿಂಡರ್ ಗೋಡೆ ಮುಟ್ಟಿಕೊಳ್ಳುತ್ತವೆ. ಕ್ಯಾಮ್ (ತಿರುಗುತ್ತ ವಾಲ್ವ್ ತೆರೆಯುವ ಉಬ್ಬು) ವಾಲ್ವನ್ನು ಒತ್ತುವ ಜಾಗವೂ ಹಾಗೆಯೇ. ಬಾಟಲಿಗೆ ಕೆಲಸವಿದ್ದರೆ ಇಲ್ಲಿದೆ. ಆದರೆ ಈ ಜಾಗ ಖಾಲಿ ಬಿದ್ದಿಲ್ಲ. 1940ರ ದಶಕದಿಂದಲೂ ಎಂಜಿನ್ ಆಯಿಲ್‌ಗೆ ಸತು ಮತ್ತು ರಂಜಕದ ಸಂಯುಕ್ತ ಬೆರೆಸುತ್ತ ಬಂದಿದ್ದಾರೆ. ಬಿಸಿ ಮತ್ತು ಒತ್ತಡ ಬಿದ್ದ ಕಡೆ ಅದು ತಾನೇ ಕಾಪಿನ ಪದರ ಕಟ್ಟುತ್ತದೆ. ಇಂದಿನ ಒಳ್ಳೆಯ ಎಣ್ಣೆಗಳಲ್ಲಿ ಮಾಲಿಬ್ಡಿನಂ ಸಂಯುಕ್ತವನ್ನೂ ಸೇರಿಸುತ್ತಾರೆ, ಘರ್ಷಣೆ ತಗ್ಗಿಸಲೆಂದೇ. ಬಾಟಲಿಯವನು ಮಾರುವ ಸರಕಿನ ಸಂಬಂಧಿಕರು ನೀವು ದುಡ್ಡು ಕೊಟ್ಟು ತಂದ ಎಣ್ಣೆಯಲ್ಲಿ ಮೊದಲೇ ಕುಳಿತಿದ್ದಾರೆ.

ಐದನೇ ಗೇರ್ · ಶನಿವಾರ, ಮಧ್ಯಾಹ್ನ 12.05

ಬಹಳ ಚೆನ್ನಾಗಿದೆ ಸರ್. ಇದಕ್ಕೆ ಅಂಕಿ ಸೇರಿಸುತ್ತೇನೆ. ಫಿನ್‌ಲೆಂಡಿನ ವಿಟಿಟಿ ಸಂಶೋಧನಾ ಕೇಂದ್ರ ಮತ್ತು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು 2012ರಲ್ಲಿ ಹಾಕಿದ ಲೆಕ್ಕವಿದೆ. ಕಾರಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಶೇ 33 ಹೊಗೆಯ ಬಿಸಿಯಾಗಿ, ಶೇ 29 ತಂಪು ಮಾಡುವುದರಲ್ಲಿ ಹೋಗುತ್ತದೆ. ಉಳಿದ ಶೇ 38 ಯಾಂತ್ರಿಕ ಶಕ್ತಿ. ಅದರೊಳಗೆ ಎಂಜಿನ್ನಿನ ಒಳ ಘರ್ಷಣೆಗೆ ಹೋಗುವುದು ಒಟ್ಟು ಇಂಧನದ ಶೇ 11.5ರಷ್ಟು. ಬಾಟಲಿ ಎಂಜಿನ್ ಘರ್ಷಣೆಯನ್ನು ಶೇ 10 ತಗ್ಗಿಸಿತು ಎಂದೇ ಇಟ್ಟುಕೊಳ್ಳಿ. ಉಳಿತಾಯ ಶೇ 1.15. ಮುಗಿಯಿತು ಕಥೆ.

ಸ್ನಿಗ್ಧತೆ · ಶನಿವಾರ, ಮಧ್ಯಾಹ್ನ 12.40

ಅಂಕಿಗಳು ಸರಿ, ಗುಣಾಕಾರ ತಪ್ಪು. ಬಾಟಲಿಯವನಿಗೆ ಅನ್ಯಾಯವಾಗಬಾರದು. ಘರ್ಷಣೆ ಇಳಿದರೆ ಎಂಜಿನ್ ಅಷ್ಟು ಕಡಿಮೆ ಕೆಲಸ ಮಾಡಿದರೆ ಸಾಕು. ಕಡಿಮೆ ಕೆಲಸಕ್ಕೆ ಕಡಿಮೆ ಇಂಧನ ಉರಿಯುತ್ತದೆ, ಹಾಗಾಗಿ ಹೊಗೆಯಲ್ಲಿ ಹೋಗುವ ಬಿಸಿಯೂ ರೇಡಿಯೇಟರಿಗೆ ಹೋಗುವ ಬಿಸಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಆದ್ದರಿಂದ 11.5ನ್ನು ನೂರಕ್ಕೆ ಹೋಲಿಸಬಾರದು, ಯಾಂತ್ರಿಕ ಶಕ್ತಿಯ 38ಕ್ಕೆ ಹೋಲಿಸಬೇಕು. ಅದು ಶೇ 30. ಅದರಲ್ಲಿ ಹತ್ತನೇ ಒಂದು ಭಾಗ ಇಳಿದರೆ ಇಂಧನದಲ್ಲಿ ಶೇ 3 ಉಳಿತಾಯ. ಸಣ್ಣದೇನಲ್ಲ.

ಇದೇ ಲೆಕ್ಕದಲ್ಲಿ ಬೂದು ಕಾರು ಅವರಿಗೆ ಸಿಕ್ಕ ಹುಡುಗನ ಮಾತನ್ನೂ ತೂಗಿ ನೋಡಿದೆ. ಘರ್ಷಣೆ ಅರ್ಧಕ್ಕಿಳಿದರೆ ಇಂಧನ ಶೇ 15 ಉಳಿಯುತ್ತದೆ, ಮೈಲೇಜ್ ಶೇ 18ರ ಹತ್ತಿರ ಏರುತ್ತದೆ. ಅವನ ಎರಡು ಮಾತುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ! ತೊಡಕಿರುವುದು ಆ ‘ಅರ್ಧ’ದಲ್ಲಿ. ಅದೇ ಅಧ್ಯಯನದ ಪ್ರಕಾರ ಎಂಜಿನ್ ಘರ್ಷಣೆಯಲ್ಲಿ ಪಿಸ್ಟನ್ ಮತ್ತು ರಿಂಗುಗಳದ್ದು ಶೇ 45, ಬೇರಿಂಗ್ ಮತ್ತು ಸೀಲುಗಳದ್ದು ಶೇ 30, ವಾಲ್ವ್ ಕಡೆಯದು ಶೇ 15, ಎಣ್ಣೆಯನ್ನು ದೂಡಾಡುವುದಕ್ಕೆ ಶೇ 10. ಬೇರಿಂಗ್ ಮತ್ತು ಎಣ್ಣೆ ದೂಡುವ ಕೆಲಸ ಬಾಟಲಿಯ ಕೈಗೆ ಸಿಗುವುದಿಲ್ಲ. ಪಿಸ್ಟನ್ನಿನ ಪಾಲಿನಲ್ಲೂ ಹೆಚ್ಚಿನ ದಾರಿ ಎಣ್ಣೆಯ ಮೇಲಿನ ಜಾರಾಟವೇ, ಮುಟ್ಟುವುದು ತುದಿಗಳಲ್ಲಿ. ಹಾಗಿದ್ದ ಮೇಲೆ ಅರ್ಧ ಘರ್ಷಣೆಯನ್ನು ಎಲ್ಲಿಂದ ಕಿತ್ತು ತರುತ್ತಾನೆ?

ಲೆಕ್ಕದ ಪುಸ್ತಕ · ಶನಿವಾರ, ಸಂಜೆ 6.30

ನಾನು ಗೇರಿಲ್ಲದ 110 ಸಿಸಿ ಸ್ಕೂಟರ್ ಓಡಿಸುತ್ತೇನೆ. ಬಸವನಗುಡಿಯಲ್ಲಿ ಮನೆ, ವಿಲ್ಸನ್ ಗಾರ್ಡನ್‌ನಲ್ಲಿ ಕೆಲಸ. 2019ರಿಂದ ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದನ್ನೂ ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ನಗುತ್ತಾರೆ. ನಗಲಿ.

ಆ ಪುಸ್ತಕ ಕಲಿಸಿದ ಮೊದಲ ಪಾಠ: ಏನೂ ಮಾಡದೆ ಇದ್ದಾಗಲೂ ನನ್ನ ಗಾಡಿಯ ಮೈಲೇಜ್ 44ರಿಂದ 51ರವರೆಗೆ ತೂಗುಯ್ಯಾಲೆ ಆಡುತ್ತದೆ. ಶಾಲೆಗಳಿಗೆ ಬೇಸಿಗೆ ರಜೆ ಬಂದರೆ ರಸ್ತೆ ಖಾಲಿ, 50 ದಾಟುತ್ತದೆ. ಜೂನ್ ಮೊದಲ ವಾರ ಶಾಲೆಯ ಬಸ್ಸುಗಳು ಇಳಿದವೋ, 46. ರಸ್ತೆ ಅಗೆದರೆ 44. ಮೇ ತಿಂಗಳಲ್ಲಿ ಬಾಟಲಿ ಸುರಿದವರಿಗೆ ದೇವರೇ ಕಂಡಂತಾಗುತ್ತದೆ, ಜೂನ್‌ನಲ್ಲಿ ಸುರಿದವರು ಮೋಸ ಹೋದೆವು ಎನ್ನುತ್ತಾರೆ.

ಎರಡನೆಯದು, ತುಂಬಿಸುವುದರಲ್ಲಿನ ತಪ್ಪು. ನನ್ನ ಟ್ಯಾಂಕಿಗೆ ಒಂದು ಸಲಕ್ಕೆ ನಾಲ್ಕು ಲೀಟರ್ ಹಿಡಿಯುತ್ತದೆ. ಪಂಪಿನ ಹುಡುಗ ನಳಿಕೆಯನ್ನು ಒಂದು ಬೆರಳು ಮೇಲೆ ಹಿಡಿದರೆ 150 ಮಿ.ಲೀ. ಹೆಚ್ಚು ಕಡಿಮೆ. ಅಷ್ಟಕ್ಕೇ ಲೆಕ್ಕ ಶೇ 4ರ ಹತ್ತಿರ ಆಚೀಚೆಯಾಗುತ್ತದೆ. ಅದಕ್ಕೇ ಒಂದೇ ಬಂಕ್, ಒಂದೇ ಪಂಪ್, ಗಾಡಿ ಮೇನ್ ಸ್ಟ್ಯಾಂಡಿನ ಮೇಲೆ, ಟ್ಯಾಂಕಿನ ಬಾಯೊಳಗಿನ ತಗಡಿನ ಅಂಚಿಗೆ ಪೆಟ್ರೋಲ್ ಮುಟ್ಟುವವರೆಗೆ ಎಂದು ನಿಯಮ ಮಾಡಿಕೊಂಡಿದ್ದೇನೆ. ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ, ನಾನು ತಿರುಗಿ ನೋಡುವುದಿಲ್ಲ.

ಬಾಟಲಿಯನ್ನೂ ಪರೀಕ್ಷಿಸಿದ್ದೇನೆ. ಅದನ್ನು ನಾಳೆ ಬರೆಯುತ್ತೇನೆ, ಈಗ ಕುಕ್ಕರ್ ಕೂಗುತ್ತಿದೆ.

ಗ್ರೀಸ್ ಕೈ · ಶನಿವಾರ, ರಾತ್ರಿ 9.50

ಕಲಾಸಿಪಾಳ್ಯದ ಕಡೆ ಗ್ಯಾರೇಜ್ ಇಟ್ಟು ಇಪ್ಪತ್ತಾರು ವರ್ಷ ಆಯಿತು. ಅಂಗಡಿ ಬಾಗಿಲು ಹಾಕಿ ಬಂದು ಇದನ್ನೆಲ್ಲ ಓದಿದೆ.

ಜೆ.ಸಿ. ರಸ್ತೆಯಲ್ಲಿ ಹಿಂದೆ ಒಬ್ಬ ಮಾರಾಟಗಾರ ಮೇಜಿನ ಮೇಲೆ ಸಣ್ಣ ಯಂತ್ರ ಇಟ್ಟುಕೊಂಡು ಕೂರುತ್ತಿದ್ದ. ಮೋಟಾರಿಗೆ ಕಟ್ಟಿದ ಉಕ್ಕಿನ ಬಳೆ ಗಿರಗಿರ ತಿರುಗುತ್ತದೆ, ಅದರ ಮೇಲೆ ಬೇರಿಂಗಿನ ಒಂದು ಉರುಳೆಯನ್ನು ಸನ್ನೆಕೋಲಿನಿಂದ ಒತ್ತುತ್ತಾನೆ. ಮಾಮೂಲಿ ಎಣ್ಣೆ ಇದ್ದಾಗ ಎರಡು ತೂಕ ನೇತುಹಾಕುವಷ್ಟರಲ್ಲಿ ಕಿರ್ ಎಂದು ಕಿರುಚಿ ಮೋಟಾರ್ ನಿಂತುಬಿಡುತ್ತದೆ. ಅವನ ಎಣ್ಣೆಯ ನಾಲ್ಕು ಹನಿ ಬಿಟ್ಟ ಮೇಲೆ ಎಂಟು ತೂಕ ಹಾಕಿದರೂ ಸದ್ದಿಲ್ಲ. ಉರುಳೆಯನ್ನು ಕೈಗೆ ಕೊಟ್ಟು ತೋರಿಸುತ್ತಿದ್ದ: ಮೊದಲನೆಯದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸವೆತ, ಎರಡನೆಯದರಲ್ಲಿ ಅಕ್ಕಿಕಾಳಿನಷ್ಟು. ಜನ ಸಾಲುಗಟ್ಟಿ ಕೊಳ್ಳುತ್ತಿದ್ದರು. ನಾನೂ ಒಂದು ಡಜನ್ ತಂದು ಅಂಗಡಿಯಲ್ಲಿಟ್ಟು ಮಾರಿದ್ದೇನೆ, ಸುಳ್ಳು ಹೇಳುವುದಿಲ್ಲ.

ಬಿಡುವಂತೆ ಮಾಡಿದ್ದು ಒಂದು ಬೈಕ್. ಗಿರಾಕಿಯೊಬ್ಬರು ಅದೇ ಬಾಟಲಿಯನ್ನು ಕಾರಿಗೆ ಹಾಕಿ ಉಳಿದದ್ದನ್ನು 150 ಸಿಸಿ ಬೈಕಿಗೆ ಸುರಿದರು. ನಾಲ್ಕೇ ದಿನ. ಎಕ್ಸಲರೇಟರ್ ತಿರುಗಿಸಿದರೆ ಎಂಜಿನ್ ಮಾತ್ರ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಎಂಜಿನ್ ಆಯಿಲಿನಲ್ಲಿ ಮುಳುಗಿರುತ್ತವೆ, ಅವುಗಳಿಗೆ ಹಿಡಿತ ಬೇಕು. ಎಲ್ಲವೂ ಜಾರಲಿ ಎಂದು ಸುರಿದರೆ ಕ್ಲಚ್ಚೂ ಜಾರುತ್ತದೆ. ಎರಡು ಬಾರಿ ಎಣ್ಣೆ ಇಳಿಸಿ ತುಂಬಿಸಿದೆ, ಕೊನೆಗೆ ಪ್ಲೇಟುಗಳನ್ನೇ ಬದಲಾಯಿಸಬೇಕಾಯಿತು. ಬೈಕಿನವರು ಡಬ್ಬಿಯ ಮೇಲೆ ಜಾಸೋ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಎಂದಿರುವ ಎಣ್ಣೆಯನ್ನೇ ಹಾಕಬೇಕು. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ, ಅದರ ಕ್ಲಚ್ ಎಣ್ಣೆಯಲ್ಲಿ ಇರುವುದಿಲ್ಲ.

ಸ್ನಿಗ್ಧತೆ · ಶನಿವಾರ, ರಾತ್ರಿ 10.25

ಆ ಮೇಜಿನ ಯಂತ್ರ ನನಗೆ ಹಳೆಯ ಪರಿಚಯ. ಅತಿ ಒತ್ತಡ ತಾಳುವ ಗ್ರೀಸ್ ಮತ್ತು ಗೇರ್ ಎಣ್ಣೆಗಳನ್ನು ಪರೀಕ್ಷಿಸುವ ಟಿಮ್ಕೆನ್ ಯಂತ್ರದ ಬಡ ತಮ್ಮ. ಎಂಜಿನ್ ಬೇರಿಂಗಿನಲ್ಲಿ ಅಂಥ ಸ್ಥಿತಿ ಬರುವುದಿಲ್ಲ, ಬಂದರೆ ಎಂಜಿನ್ ಅಲ್ಲಿಗೇ ಮುಗಿಯಿತು. ಕ್ಲೋರಿನ್ ಸೇರಿಸಿದ ಪ್ಯಾರಫಿನ್ ಹಾಕಿದರೆ ಆ ಆಟದಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ತಲೆಗೆ ಹಾಕುವ ಶ್ಯಾಂಪೂ ಹಾಕಿ ಗೆದ್ದವರೂ ಇದ್ದಾರೆ. ಆದರೆ ಕ್ಲೋರಿನ್ ಇರುವ ಎಣ್ಣೆ ಎಂಜಿನ್ನಿನ ಬಿಸಿಯಲ್ಲಿ ಒಡೆದು, ತೇವದ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಹಳೆಯ ಪತ್ರಿಕೆ · ಭಾನುವಾರ, ಬೆಳಿಗ್ಗೆ 8.00

ಈ ಜಗಳ ಅಮೆರಿಕದಲ್ಲಿ ಎಂದೋ ಆಗಿಹೋಗಿದೆ. ಸ್ಲಿಕ್ 50 ಎಂಬುದು ಪಿಟಿಎಫ್‌ಇ ಬೆರೆಸಿದ ಬಾಟಲಿ, ಅಂದರೆ ನಮ್ಮ ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಸರಕು. ಎಂಜಿನ್ ಚಾಲೂ ಮಾಡುವ ಹೊತ್ತಿಗೆ ಲೋಹಕ್ಕೆ ಎಣ್ಣೆಯ ರಕ್ಷಣೆಯೇ ಇರುವುದಿಲ್ಲ ಎಂದು ಹೆದರಿಸಿ ಮಾರುತ್ತಿದ್ದರು. ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಸುಳ್ಳು ಜಾಹೀರಾತಿನ ಆರೋಪ ಹೊರಿಸಿತು, 1997ರಲ್ಲಿ ರಾಜಿಯಾಯಿತು, ಕನಿಷ್ಠ 1 ಕೋಟಿ ಡಾಲರ್ ಮೌಲ್ಯದ ಪರಿಹಾರಕ್ಕೆ ಕಂಪನಿ ಒಪ್ಪಿತು. ಅದಕ್ಕೂ ಮೊದಲು ಎಸ್‌ಟಿಪಿ ಎಂಬ ಇಂಥದೇ ಬಾಟಲಿಯ ಕಂಪನಿ 1978ರಲ್ಲೂ 1995ರಲ್ಲೂ ದಂಡ ಕಟ್ಟಿತ್ತು. ಡ್ಯೂರಾ ಲ್ಯೂಬ್ ಸರದಿ 1999ರಲ್ಲಿ. ಸ್ನಿಗ್ಧತೆ ಅವರು ಹೇಳಿದ ಕ್ಲೋರಿನ್ ಸಂಯುಕ್ತ ತಮ್ಮ ಬಾಟಲಿಯಲ್ಲಿ ಇಲ್ಲ ಎಂದು ಸುಳ್ಳು ಹೇಳಿದ್ದೂ ಆ ಆರೋಪಗಳಲ್ಲೊಂದು. 2001ರಲ್ಲಿ ಜೀಮ್ಯಾಕ್ಸ್. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎಂದ ನೂರಕ್ಕೂ ಹೆಚ್ಚು ಸಾಧನ, ದ್ರಾವಣಗಳನ್ನು ಪರಿಶೀಲಿಸಿತು, ಗಮನಾರ್ಹವಾಗಿ ಉಳಿಸಿದ್ದು ಒಂದೂ ಸಿಗಲಿಲ್ಲ.

ಐದನೇ ಗೇರ್ · ಭಾನುವಾರ, ಬೆಳಿಗ್ಗೆ 8.25

ನಮ್ಮಲ್ಲೂ 2020ರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಕೌಂಟರಿನಲ್ಲಿ ಹುಡುಗ ಬಾಯಲ್ಲಿ ಹೇಳಿದ ಶೇ 20ಕ್ಕೆ ಸಾಕ್ಷಿ ಯಾರು?

ಲೆಕ್ಕದ ಪುಸ್ತಕ · ಭಾನುವಾರ, ಮಧ್ಯಾಹ್ನ 3.15

ನಿನ್ನೆ ಹೇಳಿದ ಪರೀಕ್ಷೆ. ಬಾಟಲಿ ಸುರಿದದ್ದು ಗೊತ್ತಿದ್ದರೆ ನಾನೇ ಮೆಲ್ಲಗೆ ಓಡಿಸಿಬಿಡುತ್ತೇನೆ ಎಂಬ ಭಯ ನನಗಿತ್ತು. ಕೈಗೆ ಗೊತ್ತಾಗದಂತೆ ಕೈ ನಿಧಾನವಾಗುತ್ತದೆ. ಆದ್ದರಿಂದ ಕೆಲಸವನ್ನು ತಮ್ಮನಿಗೆ ಒಪ್ಪಿಸಿದೆ. ಮೂರು ಸಾವಿರ ಕಿ.ಮೀ.ಗೆ ಒಮ್ಮೆಯಂತೆ ನಾಲ್ಕು ಸಲ ಆಯಿಲ್ ಬದಲಾವಣೆ. ಎರಡು ಸಲ ಬಾಟಲಿ, ಎರಡು ಸಲ ಬರೀ ಆಯಿಲ್. ಯಾವಾಗ ಯಾವುದು ಎಂದು ಅವನು ಚೀಟಿ ಎತ್ತಿ, ಬರೆದು, ಅಮ್ಮನ ಬೀರುವಿನಲ್ಲಿ ಇಟ್ಟ.

ಬಂದ ಸರಾಸರಿ ಕ್ರಮವಾಗಿ 46.2, 47.1, 47.8, 46.5. ಎರಡನೆಯ ಸರದಿಯಲ್ಲಿ ಬಾಟಲಿ ಇದೆ ಎಂದು ನಾನು ಆಣೆ ಇಟ್ಟು ಹೇಳುತ್ತಿದ್ದೆ. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಚೀಟಿ ಬಿಚ್ಚಿದರೆ ಬಾಟಲಿ ಇದ್ದದ್ದು ಒಂದನೆಯದರಲ್ಲಿ ಮತ್ತು ಮೂರನೆಯದರಲ್ಲಿ. ಅಂದರೆ ಬಾಟಲಿ ಇದ್ದಾಗ ಸರಾಸರಿ 47.0, ಇಲ್ಲದಾಗ 46.8. ನನ್ನ ಬೆಣ್ಣೆ ಬರೀ ಹೊಸ ಆಯಿಲ್.

ಹೆಬ್ಬಾಳದ ಕ್ಯಾಬ್ · ಭಾನುವಾರ, ಮಧ್ಯಾಹ್ನ 3.40

ಮೇಡಂ, ಮೊದಲ ಸಲ ಹಾಕಿದ ಪದರ ಎರಡನೆಯ ಸಲಕ್ಕೂ ಉಳಿದಿರುತ್ತದೆ. ಎಣ್ಣೆ ಇಳಿಸಿದರೆ ಪದರ ಇಳಿಯುವುದಿಲ್ಲ ಎಂದೇ ಅವರು ಹೇಳುವುದು. ನಿಮ್ಮ ಗಾಡಿ ಮೃದುವಾದದ್ದು ಅದರಿಂದಲೇ ಇರಬಹುದಲ್ಲ?

ಲೆಕ್ಕದ ಪುಸ್ತಕ · ಭಾನುವಾರ, ಸಂಜೆ 4.05

ಒಳ್ಳೆಯ ಪ್ರಶ್ನೆ. ಮೊದಲ ಸರದಿ ಬಾಟಲಿ ಇಲ್ಲದೆ ಆಗಬೇಕಿತ್ತು, ಚೀಟಿ ಹಾಗೆ ಬರಲಿಲ್ಲ, ಅದು ನನ್ನ ಪರೀಕ್ಷೆಯ ಕೊರತೆ. ಆದರೆ ಪದರ ಉಳಿಯುವುದಾದರೆ ಎರಡು ಬಾಟಲಿ ಕುಡಿದ ಮೇಲಿನ ನಾಲ್ಕನೆಯ ಸರದಿ ಎಲ್ಲಕ್ಕಿಂತ ಮೇಲಿರಬೇಕಿತ್ತು. ಅದು 46.5ಕ್ಕೆ ನಿಂತಿತು. ಬಾಟಲಿಯೇ ಕಾಣದ 2019ರಿಂದಲೂ ನನ್ನ ಗಾಡಿ 44ರಿಂದ 51ರೊಳಗೇ ಇದೆ.

ಸ್ನಿಗ್ಧತೆ · ಭಾನುವಾರ, ಸಂಜೆ 5.30

ಪುಸ್ತಕದವರ ಪರೀಕ್ಷೆಗೆ ನಾನು ಟೋಪಿ ತೆಗೆಯುತ್ತೇನೆ. ಲಾರಿಗಳ ಇಂಧನ ಪರೀಕ್ಷೆಯಲ್ಲಿ ಇನ್ನೊಂದು ಉಪಾಯವಿದೆ: ಏನೂ ಬದಲಾಯಿಸದ ಎರಡನೆಯ ಲಾರಿಯನ್ನು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಓಡಿಸಿ, ಎರಡರ ಅನುಪಾತ ನೋಡುತ್ತಾರೆ. ಗಾಳಿ, ಬಿಸಿಲು, ದಟ್ಟಣೆ ಎರಡಕ್ಕೂ ಸಮ.

ಎಣ್ಣೆಯಿಂದ ಉಳಿತಾಯವೇ ಇಲ್ಲ ಎಂದು ಯಾರೂ ತಿಳಿಯಬಾರದು. 2020ರಲ್ಲಿ ಬಂದ ಐಎಲ್‌ಸ್ಯಾಕ್ ಜಿಎಫ್-6 ಎಂಬ ಎಂಜಿನ್ ಎಣ್ಣೆಯ ಮಾನದಂಡಕ್ಕೆ ಎಣ್ಣೆಯನ್ನು ಎಂಜಿನ್ ಸಮೇತ ಪರೀಕ್ಷಾ ಕೋಣೆಯಲ್ಲಿ ಕೂರಿಸಿ, ನೀರಿನ ಬಿಸಿ, ಎಣ್ಣೆಯ ಬಿಸಿ ಎಲ್ಲವನ್ನೂ ಹಿಡಿತದಲ್ಲಿಟ್ಟು, ದಪ್ಪನೆಯ ಆಧಾರ ಎಣ್ಣೆಯ ಜೊತೆ ಹೋಲಿಸುತ್ತಾರೆ. ಅಲ್ಲಿ ಕೇಳುವ ಉಳಿತಾಯ ಶೇ 2ರ ಆಸುಪಾಸು. ದೊಡ್ಡ ದೊಡ್ಡ ಎಣ್ಣೆ ಕಂಪನಿಗಳು ಅರ್ಧ ಶೇಕಡಕ್ಕಾಗಿ ವರ್ಷಗಟ್ಟಲೆ ಬೆವರು ಹರಿಸುತ್ತವೆ. ಶೇ 20 ಕೊಡುವ ದ್ರವ 250 ಮಿ.ಲೀ. ಬಾಟಲಿಯಲ್ಲಿ ಸಿಗುವಂತಿದ್ದರೆ ಕಾರು ತಯಾರಕರು ಅದನ್ನು ಕಾರ್ಖಾನೆಯಲ್ಲೇ ಸುರಿದು ಕಳುಹಿಸುತ್ತಿದ್ದರು. ಇಂಧನ ದಕ್ಷತೆಯ ಸರ್ಕಾರಿ ಮಿತಿ ಮುಟ್ಟಲು ಅವರು ಅಷ್ಟು ಕಷ್ಟಪಡುತ್ತಿದ್ದಾರೆ. ಘರ್ಷಣೆ ತಗ್ಗಿಸುವ ಲೇಪ ಅವರಿಗೆ ಹೊಸದೇನಲ್ಲ: ಪಿಸ್ಟನ್ನಿನ ಪಕ್ಕೆಗೆ ಗ್ರಾಫೈಟ್ ಬಳಿಯುವುದು ರೂಢಿ, ನಿಸಾನ್ 2006ರಿಂದ ಕ್ಯಾಮ್ ಒತ್ತುವ ವಾಲ್ವ್ ಲಿಫ್ಟರಿನ ಮೇಲೆ ವಜ್ರದಂಥ ಇಂಗಾಲದ ಪದರ ಕೂರಿಸುತ್ತ ಬಂದಿದೆ. ಅವೆಲ್ಲ ನಿರ್ವಾತ ಕೋಣೆಯಲ್ಲಿ, ಕುಲುಮೆಯಲ್ಲಿ ಆಗುವ ಕೆಲಸ. ಬೆಚ್ಚಗಿನ ಎಣ್ಣೆಯಲ್ಲಿ ಸುತ್ತಾಡುತ್ತ ಪದರ ತಾನಾಗಿ ಎಲ್ಲಿ ಬೇಕೋ ಅಲ್ಲಿಗೆ ಹೋಗಿ ಕೂರಲು ಅದಕ್ಕೇನು ವಿಳಾಸ ಗೊತ್ತೇ?

ಒಪ್ಪಬೇಕಾದ ಒಂದು ಮಾತಿದೆ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತು ಎಂಜಿನ್ ಗುರುಗುಟ್ಟುವಾಗ ಉರಿಯುವ ಪೆಟ್ರೋಲ್ ರಸ್ತೆಗೆ ಹೋಗುವುದೇ ಇಲ್ಲ, ಬಹುಪಾಲು ಎಂಜಿನ್ ತನ್ನ ಘರ್ಷಣೆಯನ್ನೇ ನೀಗಿಸಿಕೊಳ್ಳುವುದಕ್ಕೆ ಹೋಗುತ್ತದೆ. ನಿಧಾನಗತಿಯಲ್ಲಿ, ಬಿಸಿ ಎಣ್ಣೆಯಲ್ಲಿ, ಕ್ಯಾಮ್ ಕಡೆ ಲೋಹ ಮುಟ್ಟುವುದೂ ಹೆಚ್ಚು. ಹಾಗಾಗಿ ನಮ್ಮ ಊರಿನಲ್ಲಿ ಒಳ್ಳೆಯ ಎಣ್ಣೆಗೆ ಹೆದ್ದಾರಿಗಿಂತ ಕೊಂಚ ಹೆಚ್ಚು ಬೆಲೆ ಇದೆ. ಆದರೆ ಅಲ್ಲಿ ಕೀಲಿಕೈ ತಿರುಗಿಸಿ ಎಂಜಿನ್ ಆರಿಸಿದರೆ ಘರ್ಷಣೆ ಶೂನ್ಯ, ಅದಕ್ಕೆ ಬಾಟಲಿ ಬೇಡ.

ಗ್ರೀಸ್ ಕೈ · ಭಾನುವಾರ, ರಾತ್ರಿ 9.15

ಎಲ್ಲರೂ ಬಾಟಲಿಯ ಹಿಂದೆ ಬಿದ್ದಿದ್ದೀರಿ, ಕಾರನ್ನು ಯಾರೂ ಕೇಳುತ್ತಿಲ್ಲ. @ಬೂದು ಕಾರು, 15.5 ಇದ್ದದ್ದು 13ಕ್ಕೆ ಬಂದಿದೆ ಎಂದರೆ ಶೇ 16 ಎಲ್ಲೋ ಸೋರುತ್ತಿದೆ. ಮೊದಲು ಅದನ್ನು ಹುಡುಕಿ. ನನಗೆ ನಾಲ್ಕು ಸಂಗತಿ ಬೇಕು. ಕಳೆದ ಬಿಲ್ಲಿನಲ್ಲಿ ಎಂಜಿನ್ ಆಯಿಲ್ ಯಾವ ಗ್ರೇಡ್ ಎಂದು ಬರೆದಿದೆ? ಟೈರಿನ ಗಾಳಿ ಎಷ್ಟು? ಎಂಜಿನ್ ಬಿಸಿಯ ಮುಳ್ಳು ಮಧ್ಯಕ್ಕೆ ಬರುತ್ತದೆಯೇ, ಕೆಳಗೇ ನಿಲ್ಲುತ್ತದೆಯೇ? ಕೊನೆಯದು, ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಜೋರಾಗಿ ಒತ್ತದೆ ಮೆಲ್ಲಗೆ ನಿಲ್ಲಿಸಿ, ಇಳಿದು ನಾಲ್ಕೂ ಚಕ್ರದ ಮಧ್ಯಕ್ಕೆ ಕೈಯನ್ನು ಹತ್ತಿರ ಒಯ್ಯಿರಿ. ಒಂದೇ ಸಲ ಮುಟ್ಟಬೇಡಿ.

ಬೂದು ಕಾರು · ಸೋಮವಾರ, ರಾತ್ರಿ 8.45

ಬಿಲ್ ಹುಡುಕಿ ತೆಗೆದೆ. 20ಡಬ್ಲ್ಯು-50 ಎಂದಿದೆ. ಕಾರಿನ ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿದೆ. ಗಾಳಿಯ ಒತ್ತಡ 33 ಪಿಎಸ್‌ಐ ಇರಬೇಕಾದ ಕಡೆ 25. ಬಿಸಿಯ ಮುಳ್ಳು ಸರಿಯಾಗಿ ಮಧ್ಯಕ್ಕೆ ಬರುತ್ತದೆ.

ಇನ್ನು ಚಕ್ರ. ಸಂಜೆ ಮನೆಯ ಮುಂದೆ ಇಳಿದು ನೋಡಿದೆ. ಮುಂದಿನ ಎರಡೂ ಬೆಚ್ಚಗೆ, ಹಿಂದಿನ ಬಲಗಡೆಯದು ತಣ್ಣಗೆ. ಹಿಂದಿನ ಎಡಗಡೆಯದರ ಹತ್ತಿರ ಕೈ ಒಯ್ದರೆ ಒಲೆಯ ಮೇಲಿನ ಹೆಂಚಿನಂತೆ ಝಳ ಹೊಡೆಯಿತು. ಸುಟ್ಟ ವಾಸನೆಯೂ ಇತ್ತು. ಇಷ್ಟು ದಿನ ಅದು ಪಕ್ಕದಲ್ಲಿ ಹೋಗುವ ಲಾರಿಯ ವಾಸನೆ ಎಂದುಕೊಂಡಿದ್ದೆ.

ಗ್ರೀಸ್ ಕೈ · ಸೋಮವಾರ, ರಾತ್ರಿ 9.30

ಹಿಂದಿನ ಎಡಗಡೆಯ ಬ್ರೇಕ್ ಹಿಡಿದುಕೊಂಡಿದೆ. ಬಹುಶಃ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಕ್ಕೆ ಸರಿಯುತ್ತಿಲ್ಲ. ದಿನಾ ಐವತ್ತು ಕಿ.ಮೀ. ಒಂದು ಚಕ್ರಕ್ಕೆ ಬ್ರೇಕ್ ಹಾಕಿಕೊಂಡೇ ಹೋಗುತ್ತಿದ್ದೀರಿ. ನಾಳೆಯೇ ಡ್ರಮ್ ಬಿಚ್ಚಿಸಿ, ತಡ ಮಾಡಬೇಡಿ, ಇದು ಪೆಟ್ರೋಲಿನ ಮಾತಲ್ಲ, ಪ್ರಾಣದ ಮಾತು.

ಸ್ನಿಗ್ಧತೆ · ಸೋಮವಾರ, ರಾತ್ರಿ 10.10

20ಡಬ್ಲ್ಯು-50! ಅಂಕಿ ದೊಡ್ಡದಾದಷ್ಟೂ ಎಣ್ಣೆ ದಪ್ಪ. ಅದನ್ನು ಸುರಿದವರೇ ಘರ್ಷಣೆ ತಗ್ಗಿಸುವ ಬಾಟಲಿಯನ್ನೂ ಮಾರಲು ಹೊರಟಿದ್ದಾರೆ. ತಯಾರಕರು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ದಪ್ಪನೆಯ ಎಣ್ಣೆ ಹಾಕಿದರೇ ಮೈಲೇಜ್ ಶೇ 1ರಿಂದ 2 ಇಳಿಯುತ್ತದೆ, ನಿಮ್ಮದು ಅದಕ್ಕೂ ದಪ್ಪ. ಗಾಳಿಯ ಲೆಕ್ಕ: ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಶೇ 0.2ರಷ್ಟು ನಷ್ಟ. ಎಂಟಕ್ಕೆ ಶೇ 1.6. ಅದಕ್ಕೆ ಗಾಳಿ ತುಂಬುವವನಿಗೆ ಕೊಡುವ ಚಿಲ್ಲರೆ ಸಾಕು.

ಐದನೇ ಗೇರ್ · ಸೋಮವಾರ, ರಾತ್ರಿ 10.30

ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನೂ ಲೆಕ್ಕಕ್ಕೆ ಸೇರಿಸಿ. ಎಥನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಮೂಲದಲ್ಲಿ ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆ ಆಗಬಹುದು ಎಂದು ನೀತಿ ಆಯೋಗದ 2021ರ ಎಥನಾಲ್ ವರದಿಯೇ ಅಂದಾಜಿಸಿತ್ತು. ಮೂರು ವರ್ಷದ ಹಿಂದಿನ 15.5 ಬೇರೆ ಪೆಟ್ರೋಲಿನ 15.5. ಅದು ಪೂರ್ತಿ ಮರಳಿ ಬರಲಿಕ್ಕಿಲ್ಲ.

ಬಾಟಲಿಯ ವ್ಯಾಪಾರವನ್ನೂ ಲೆಕ್ಕ ಹಾಕಿದೆ. ತಿಂಗಳಿಗೆ 1,100 ಕಿ.ಮೀ., 13ರ ಲೆಕ್ಕದಲ್ಲಿ 85 ಲೀಟರ್, ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 8,700. ಬಾಟಲಿ ಶೇ 2 ಉಳಿಸಿಯೇಬಿಟ್ಟಿತು ಎನ್ನೋಣ, ತಿಂಗಳಿಗೆ 174 ರೂಪಾಯಿ. 1,650 ಹುಟ್ಟಲು ಒಂಬತ್ತೂವರೆ ತಿಂಗಳು ಬೇಕು. ಹತ್ತು ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸುವವರಿಗೆ ಅಷ್ಟರಲ್ಲಿ ಎಣ್ಣೆಯ ಜೊತೆ ಬಾಟಲಿಯೂ ಚರಂಡಿಗೆ.

ಗ್ರೀಸ್ ಕೈ · ಸೋಮವಾರ, ರಾತ್ರಿ 10.42

ಚರಂಡಿಗೆ ಯಾರೂ ಬಿಡುವುದಿಲ್ಲ ಸ್ವಾಮಿ, ಹಳೆಯ ಎಣ್ಣೆಯನ್ನು ಡ್ರಮ್ಮಿನಲ್ಲಿ ತುಂಬಿಸಿ ಕೊಡುತ್ತೇವೆ.

ಬೂದು ಕಾರು · ಮೂರು ವಾರದ ನಂತರ, ಭಾನುವಾರ, ಬೆಳಿಗ್ಗೆ 10.20

ಹೇಳಿದಂತೆ ಮಾಡಿಸಿದೆ. ಬೇರೆ ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಸುತ್ತಿಗೆಯಿಂದ ಬಡಿದು ಬಡಿದು ಎಳೆಯಬೇಕಾಯಿತು. ಒಳಗೆ ಕರಿಯ ಪುಡಿ ಒಂದು ಹಿಡಿ ಇತ್ತು, ಬ್ರೇಕ್ ಶೂ ಒಂದು ಕಡೆ ಸವೆದು ರಿವೆಟ್ ಕಾಣುತ್ತಿತ್ತು, ಡ್ರಮ್ಮಿನ ಒಳಮೈ ನೀಲಿಗಟ್ಟಿತ್ತು. ಕೇಬಲ್ ತೆಗೆದು ನನ್ನ ಕೈಗೆ ಕೊಟ್ಟ, ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ. ಎರಡೂ ಕಡೆಯ ಶೂ, ಕೇಬಲ್, 5ಡಬ್ಲ್ಯು-30 ಆಯಿಲ್, ಗಾಳಿ.

ಲೆಕ್ಕದ ಪುಸ್ತಕದವರ ನಿಯಮದಂತೆ ಒಂದೇ ಬಂಕ್, ಒಂದೇ ಪಂಪಿನಲ್ಲಿ ಮೂರು ಟ್ಯಾಂಕ್ ತುಂಬಿಸಿದೆ. 14.1, 14.6, 14.4. ಹಳೆಯ 15.5 ಬರಲಿಲ್ಲ. ಬೆಳ್ಳಿ ಬಾಟಲಿ ಕೊಳ್ಳಲಿಲ್ಲ.

ಹೆಬ್ಬಾಳದ ಕ್ಯಾಬ್ · ಭಾನುವಾರ, ಬೆಳಿಗ್ಗೆ 10.55

ಸಂತೋಷ. ಈ ಸಲ ನಾನೂ ಬಾಟಲಿ ಇಲ್ಲದೆ ಒಂದು ಸರ್ವೀಸ್ ಮಾಡಿಸಿ ನೋಡುತ್ತೇನೆ, ಡೀಸೆಲ್ಲನ್ನು ಬಿಲ್ ಹಿಡಿದೇ ಲೆಕ್ಕ ಹಾಕುತ್ತೇನೆ. ಆದರೆ ಸದ್ದು ತಗ್ಗಿದ್ದು ನಿಜ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಸ್ನಿಗ್ಧತೆ · ಭಾನುವಾರ, ಬೆಳಿಗ್ಗೆ 11.20

ಸದ್ದು ತಗ್ಗಿರಬಹುದು. ಕೆಲವು ಬಾಟಲಿಗಳಲ್ಲಿ ದಪ್ಪನೆಯ ಪಾಲಿಮರ್ ಇರುತ್ತದೆ, ಅದು ಎಣ್ಣೆಯನ್ನು ಗಟ್ಟಿ ಮಾಡಿ ಟಪ ಟಪ ಸದ್ದನ್ನು ಮುಚ್ಚುತ್ತದೆ. ಹಾಗೇನಾದರೂ ಆಗಿದ್ದರೆ ಮೈಲೇಜಿಗೆ ಅದು ನಷ್ಟವೇ.

ಗ್ರೀಸ್ ಕೈ · ಭಾನುವಾರ, ಮಧ್ಯಾಹ್ನ 1.30

@ಬೂದು ಕಾರು, ಹೊಸ ಕೇಬಲ್ಲೂ ಮತ್ತೆ ತುಕ್ಕು ಹಿಡಿಯಬಾರದೆಂದರೆ ಮಳೆಗಾಲದಲ್ಲಿ ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ. ಗೇರಿನಲ್ಲಿ ಬಿಡಿ. ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಿ.

ಬೂದು ಕಾರು · ಭಾನುವಾರ, ಮಧ್ಯಾಹ್ನ 2.05

ನಮ್ಮ ಮನೆಯ ಮುಂದೆ ಇಳಿಜಾರೇ. ಕಲ್ಲು ಇಟ್ಟಿದ್ದೇನೆ.